ಬೀದಿಕಲ್ಯಾಣ

ನಮ್ಮ ಬೀದಿಯಲ್ಲಿ ಒಂಬತ್ತು ಮನೆಗಳಿವೆ. ಎಂಟು ಮನೆಯವರಲ್ಲಿ ಒಂದಲ್ಲ ಒಂದು ದೋಷವಿದೆ. ಒಂಬತ್ತನೆಯ ಮನೆ ನಮ್ಮದು. ಈ ಸತ್ಯವನ್ನು ನಾನು ದಿನಾ ಬೆಳಗ್ಗೆ ಹೆಂಡತಿಗೆ ವಿವರವಾಗಿ ತಿಳಿಸುತ್ತಿದ್ದೆ. ಒಂದು ದಿನ ಅವಳು ಲೋಟ ಕುಕ್ಕಿದಳು.

"ಎಲ್ಲರನ್ನೂ ನನ್ನ ಹತ್ರ ಬೈದು ಏನು ಪ್ರಯೋಜನ? ಅವರಿಗೆ ಒಳ್ಳೇದಾಗ್ಲಿ ಅಂತ ದೇವರನ್ನ ಕೇಳ್ಕೊಳ್ಳಿ. ನನ್ನ ಕಿವಿಗಾದ್ರೂ ಬಿಡುವು ಸಿಗುತ್ತೆ."

ಮಾತು ಮನಸ್ಸಿಗೆ ನಾಟಿತು. ಲೋಕಕಲ್ಯಾಣ ನನ್ನ ಕೈಮೀರಿದ ಬಾಬತ್ತು. ಬೀದಿಕಲ್ಯಾಣವಾದರೆ ಇಪ್ಪತ್ತು ನಿಮಿಷದ ಕೆಲಸ. ಮರುದಿನವೇ ವ್ರತ ಹಿಡಿದೆ. ಬೆಳಗ್ಗೆ ಆರಕ್ಕೆ ಹೊರಟು, ಪ್ರತಿ ಗೇಟಿನ ಮುಂದೆ ತಲೆ ತಗ್ಗಿಸಿ, ಕಣ್ಣು ಮುಚ್ಚಿ ನಿಲ್ಲುವುದು. ನರ್ಸಮ್ಮನ ಸ್ಕೂಟರಿನ ಗಂಟಲು ಸ್ವಲ್ಪ ತಗ್ಗಲಿ. ಬೇಕರಿಯವನ ಬ್ರೆಡ್ಡು ಮೊದಲಿನಷ್ಟು ದೊಡ್ಡದಾಗಲಿ. ನಿವೃತ್ತ ಮೇಷ್ಟರ ಕೆಮ್ಮು ವಾಸಿಯಾಗಲಿ (ವಾಸಿಯಾಗದಿದ್ದರೆ ಏಳು ಗಂಟೆಯ ಮೇಲಾದರೂ ಬರಲಿ).

"ಇದು ಪ್ರಾರ್ಥನೆ ಅಲ್ಲ, ದೂರಿನ ಅರ್ಜಿ" ಎಂದಳು ಹೆಂಡತಿ, ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಾ. ಹಿತ್ತಿಲು ನನ್ನ ಇಲಾಖೆಯಲ್ಲ. ನಾನು ಅಡುಗೆಮನೆಯ ಬಾಗಿಲಿನಿಂದಲೇ ವರದಿ ಒಪ್ಪಿಸಿ ಬಂದೆ.

ಬೀದಿಯ ಆಚೆ ತುದಿಯ ಕೊನೆಯ ಮನೆ ಪೇಂಟರನದು. ಅಲ್ಲಿ ಮಾತ್ರ ಎರಡು ಪಟ್ಟು ಹೊತ್ತು ನಿಲ್ಲುತ್ತಿದ್ದೆ. ಎಂಟು ವರ್ಷ ದಿನಾ ಸಂಜೆ ನಮ್ಮ ಜಗಲಿಗೆ ಬಂದು ನನ್ನ ಜೊತೆ ಕೇರಂ ಆಡಿದವನು, ಎರಡು ತಿಂಗಳಿಂದ ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ಕಾರಣ ಗೊತ್ತಿಲ್ಲ. ದೊಡ್ಡ ದೊಡ್ಡ ಕಟ್ಟಡಗಳ ಕೆಲಸ ಸಿಕ್ಕಿ ತಲೆ ತಿರುಗಿದೆಯೆಂದು ನಾನೇ ತೀರ್ಮಾನಿಸಿದ್ದೆ. 'ಇವನ ಅಹಂಕಾರ ಇಳಿಸಪ್ಪಾ' ಎಂದು ಮನಸಾರೆ ಬೇಡುತ್ತಿದ್ದೆ. ನಿಜ ಹೇಳಬೇಕೆಂದರೆ, ಅವನಿಲ್ಲದೆ ಸಂಜೆಗಳು ಬಿಕೋ ಎನ್ನುತ್ತಿದ್ದವು. ಹೆಂಡತಿ ಕೇರಂ ಆಡಿದರೆ ಅವಳೇ ಗೆಲ್ಲುತ್ತಾಳೆ.

ಹನ್ನೊಂದನೆಯ ದಿನ ಸಂಜೆ ಪೇಂಟರನೇ ಮನೆಗೆ ಬಂದ. ಕಣ್ಣಂಚು ಒದ್ದೆ. ಪ್ರಾರ್ಥನೆ ಫಲಿಸಿತೆಂದು ನಾನು ಎದೆಯುಬ್ಬಿಸಿ ಕುಳಿತೆ.

"ಅಣ್ಣಾ, ಸಾಕು. ದಿನಾ ಬಂದು ನನ್ನ ಗೇಟ್ ಮುಂದೆ ತಲೆ ತಗ್ಗಿಸಿ ನಿಲ್ಬೇಡಿ. ನೋಡೋಕಾಗಲ್ಲ ನನಗೆ. ಕ್ಷಮಿಸಿದೀನಿ, ಬಿಡಿ."

"ನೀನು ನನ್ನನ್ನ ಕ್ಷಮಿಸೋದೇ? ಯಾತಕ್ಕಪ್ಪ?"

"ಅದೇ, ಏಣಿಗೆ. ಬಲ್ಬ್ ಹಾಕ್ಬೇಕು, ಅರ್ಧ ಗಂಟೇಲಿ ಕೊಡ್ತೀನಿ ಅಂತ ಒಯ್ದಿರಲ್ಲ. ದೊಡ್ಡೋರನ್ನ ಹೇಗೆ ಕೇಳೋದು ಅಂತ ಸಂಕೋಚ. ಸಿಟ್ಟು ಬಂದು ಈ ಕಡೆ ಬರೋದೇ ಬಿಟ್ಟೆ. ಎರಡು ತಿಂಗಳಿಂದ ಡ್ರಮ್ ಮೇಲೆ ನಿಂತು ಬಣ್ಣ ಬಳೀತಿದೀನಿ, ಎರಡು ಸಲ ಬಿದ್ದೂ ಆಯ್ತು."

ಎದ್ದು, ಆ ಬಲ್ಬ್ ಹಾಕಿದ ದಿನದ ನಂತರ ಮೊದಲ ಸಲ ಹಿತ್ತಿಲಿಗೆ ಕಾಲಿಟ್ಟೆ. ಗೋಡೆಗೆ ಒರಗಿಸಿದ್ದ ಏಣಿಯ ಮೆಟ್ಟಿಲು ಮೆಟ್ಟಿಲಿಗೂ ನನ್ನ ಬನಿಯನ್ನುಗಳೇ ಒಣಗುತ್ತಿದ್ದವು.

"ಇದು ಅವನದಾ?" ಎಂದಳು, ಪೇಂಟರನ ಜೊತೆ ಹಿಂದೆಯೇ ಬಂದ ಹೆಂಡತಿ. "ಬಟ್ಟೆ ಒಣಹಾಕೋಕೆ ಕಷ್ಟ ಪಡ್ತೀನಿ ಅಂತ ನೀವೇ ಕೊಂಡು ತಂದಿದ್ದೀರಿ ಅಂದ್ಕೊಂಡು, ನಾನು ನಿಮಗೋಸ್ಕರ ದೇವರಿಗೆ ಕೈ ಮುಗಿದಿದ್ದೆ."

"ನಾನೂ ಬೇಡ್ಕೊಂಡಿದ್ದೆ ಅಕ್ಕ," ಎಂದ ಪೇಂಟರ್. "ಈ ಮನುಷ್ಯನಿಗೆ ಸ್ವಲ್ಪ ನೆನಪಿನ ಶಕ್ತಿ ಕೊಡಪ್ಪ ಅಂತ. ದೇವರು ಕೇಳಿಸ್ಕೊಂಡ ನೋಡಿ."

ಏಣಿಯನ್ನು ನಾನೇ ಹೊತ್ತು, ಏಳು ಗೇಟುಗಳನ್ನೂ ದಾಟಿ ಎಂಟನೆಯದಕ್ಕೆ ತಲುಪಿಸಿ ಬಂದೆ. ಎಲ್ಲರೂ ಹೊರಗೆ ಬಂದು ನೋಡಿದರು. ಅಂದು ಸಂಜೆ ಕೇರಂನಲ್ಲಿ ಸೋತೆ; ಇಷ್ಟು ಖುಷಿಯಾಗಿ ಎಂದೂ ಸೋತಿರಲಿಲ್ಲ.

ವ್ರತ ಬಿಟ್ಟಿಲ್ಲ. ಆದರೆ ಇನ್ನು ಮೇಲೆ ನಮ್ಮ ಮನೆಯಿಂದಲೇ ಶುರುವಾಗಬೇಕೆಂದು ಹೆಂಡತಿಯ ಆಜ್ಞೆಯಾಗಿದೆ. ಹಾಗಾಗಿ ಬೆಳಗ್ಗೆ ಆರಕ್ಕೆ ಹಿತ್ತಿಲಲ್ಲಿ ನಿಂತು ನಮ್ಮ ಬೀದಿಗೆ ಒಳಿತಾಗಲೆಂದು ಕೇಳಿಕೊಳ್ಳುತ್ತೇನೆ, ಎರಡು ಕೈಯಲ್ಲೂ ಒದ್ದೆ ಬಟ್ಟೆ ಹಿಡಿದುಕೊಂಡು.