ತಣ್ಣನೆ ರಕ್ತದ ಮೋಹನದಾಸ

ಎಲ್ಲದಕ್ಕೂ ಕಾರಣ ಒಂದು ಕೆಟ್ಟುಹೋದ ಫ್ಯಾನು. ಮಹಾಪೆಯ ಕೋಲ್ಡ್ ಸ್ಟೋರೇಜಿನಲ್ಲಿ ಗುಮಾಸ್ತನಾಗಿದ್ದ ಕಾರ್ಕಳದ ಮೋಹನದಾಸ ಮೇ ತಿಂಗಳ ಸೆಕೆ ತಾಳಲಾರದೆ, ಬೆವರಿನಲ್ಲಿ ತೊಯ್ದ ಅಂಗಿಯಲ್ಲೇ ಸಿಗಡಿ ಇಡುವ ಥಂಡಿ ಕೋಣೆಗೆ ನುಗ್ಗಿ, ಡಬ್ಬಿಗಳ ನಡುವೆ ಕೂತು ಸ್ವಲ್ಪ ಕಣ್ಣು ಮುಚ್ಚಿದ. ಲೋಡರ್ ಯಂಕಣ್ಣ ಒಳಗೆ ಯಾರೂ ಇಲ್ಲವೆಂದು ಬಾಗಿಲು ಹಾಕಿಕೊಂಡು ಹೋದ. ಊಟದ ಹೊತ್ತಿಗೆ ತೆರೆದು ನೋಡಿದರೆ ಸಿಗಡಿಗಳ ಜೊತೆ ಗುಮಾಸ್ತನೂ ಅವುಗಳಂತೆಯೇ ಮುದುಡಿಕೊಂಡಿದ್ದ.

“ಸಾಹೇಬ್ರ, ಸತ್ತೀರೇನ್ರೀ?” ಎಂದು ಯಂಕಣ್ಣ ಕಿರುಚಿದ. ಉತ್ತರವಾಗಿ ಹಲ್ಲುಗಳು ಕಟಕಟ ಎಂದವು.

ಆಸ್ಪತ್ರೆಯ ಮಂಚದ ಮೇಲೆ ಅವನನ್ನು ಚಳಿಗಿಂತ ಹೆಚ್ಚು ನಡುಗಿಸಿದ್ದು ಇನ್ನೊಂದು ಚಿಂತೆ. ಎ.ಸಿ. ಆಫೀಸಿನ ಮ್ಯಾನೇಜರ್ ಕುರ್ಚಿ ಯಾರಿಗೆಂದು ಧಣಿ ಹೃಷೀಕೇಶ ರಾಯರು ಅಂದೇ ಸಂಜೆ ಹೇಳುವವರಿದ್ದರು. ಕಾಯಿಲೆಯವನಿಗೆ ಯಾರು ಕುರ್ಚಿ ಕೊಡುತ್ತಾರೆ?

ಅಷ್ಟರಲ್ಲಿ ಅವನು ವಾಸವಿದ್ದ ಡೊಂಬಿವಲಿಯಿಂದ ಪಕ್ಕದ ಮನೆಯ ಜಯಲತಕ್ಕ ಮಂಕಿ ಕ್ಯಾಪ್ ಹಿಡಿದು ಹಾಜರಾದರು. ಬಂದವರೇ ಮಂಚದ ಬದಿಯಲ್ಲಿದ್ದ, ರಕ್ತದಲ್ಲಿನ ಆಕ್ಸಿಜನ್ ಮುಂತಾದ ಗ್ಯಾಸ್ ಅಳೆಯುವ ಪರೀಕ್ಷೆಯ ಎರಡು ಕಾಗದಗಳನ್ನೂ ಕೈಗೆತ್ತಿಕೊಂಡರು.

“ಇದ್ರಲ್ಲಿ ಎಲ್ಲ ಸಮ ಉಂಟು. ಇದ್ರಲ್ಲಿ ಆಕ್ಸಿಜನ್ ಕಮ್ಮಿ! ಒಬ್ಬನಿಗೇ ಎರಡು ನಮೂನೆ ರಕ್ತವಾ ಡಾಕ್ಟ್ರೇ?”

ಬೆಂಗಳೂರಿನ ಡಾಕ್ಟರ್ ಮಾನಸಿ ನಕ್ಕರು. “ಮೆಷಿನ್ ರಕ್ತಾನ ಮೂವತ್ತೇಳು ಡಿಗ್ರಿಗೆ ಬಿಸಿ ಮಾಡೇ ಅಳೆಯೋದಮ್ಮ. ಇವರ ಮೈ ಇರೋದು ಮೂವತ್ಮೂರು. ತಣ್ಣಗಿರೋ ಸೋಡಾ ಬಿಸಿ ಆದ್ರೆ ಗ್ಯಾಸ್ ಬುಸ್ ಅನ್ನಲ್ವಾ? ಹಾಗೇ ಬಿಸಿ ಮಾಡಿದ ರಕ್ತದಲ್ಲಿ ಗ್ಯಾಸ್ ಜಾಸ್ತಿ ತೋರಿಸುತ್ತೆ. ಎರಡನೇ ಕಾಗದ ಇವರ ಥಂಡಿಗೆ ಲೆಕ್ಕ ಹಾಕಿದ್ದು. ನಮ್ಮ ನಾರ್ಮಲ್ ಎಲ್ಲಾ ಮೂವತ್ತೇಳಕ್ಕೆ, ಅದಕ್ಕೇ ಮೊದಲನೇದನ್ನ ನೋಡ್ತೀವಿ. ಮೈ ನಿಧಾನಕ್ಕೆ ಬಿಸಿ ಆದ್ರೆ ಸಾಕು.”

ಜಯಲತಕ್ಕನಿಗೆ ಸೋಡಾ ರುಚಿಸಲಿಲ್ಲ. ಎರಡನೇ ಕಾಗದದ ಫೋಟೋ ಬಿಲ್ಡಿಂಗ್ ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿಗೆ ಹೋಯಿತು. ಸಂಜೆಯೊಳಗೆ ಅರ್ಧ ಬಿಲ್ಡಿಂಗು ವಾರ್ಡಿನಲ್ಲಿತ್ತು. ಕರಿಮೆಣಸಿನ ಕಷಾಯ ಒಬ್ಬರದು, ಬಿಸಿನೀರಿನ ಚೀಲ ಇನ್ನೊಬ್ಬರದು. ಕೆಳಮನೆಯ ಭಾಗ್ಯಾ ಮೂರು ರಗ್ಗು ಹೊದಿಸಿ, “ಜೋರಾಗಿ ಉಸಿರು ಎಳ್ಕೊಳ್ಳಿ” ಎಂದು ತಾಳ ಹಾಕತೊಡಗಿದಳು. “ನಾನು ಸರಿ ಇದ್ದೇನೆ” ಎಂಬ ಮೋಹನದಾಸನ ಕೂಗು ರಗ್ಗಿನೊಳಗೇ ಬೆಂದುಹೋಯಿತು.

ಆಗ ಬಂದರು ಹೃಷೀಕೇಶ ರಾಯರು. ಮೋಹನದಾಸ ರಗ್ಗು ಒದ್ದು ಎದ್ದು, ಮೊದಲನೇ ಕಾಗದವನ್ನು ಬಾವುಟದಂತೆ ಬೀಸಿದ.

“ಧಣಿ, ನೋಡಿ! ಮೈ ಐಸಿನ ಹಾಗೆ ಆದ್ರೂ ರಕ್ತ ನಾರ್ಮಲ್! ಥಂಡಿ ನಂಗೊಂದು ಲೆಕ್ಕವೇ ಅಲ್ಲ!”

ರಾಯರ ಕಣ್ಣು ಅರಳಿತು. “ಹೌದಾ ಮಾರಾಯಾ! ಆ ಸಿಗಡಿ ಕೋಣೆಯಲ್ಲಿ ಒಬ್ಬನೂ ನಿಲ್ಲುವುದಿಲ್ಲ. ನಾಳೆಯಿಂದ ಅಲ್ಲಿಗೆ ನೀನೇ ಸೂಪರ್‌ವೈಸರ್. ಎ.ಸಿ. ಕುರ್ಚಿ ನನ್ನ ಅಳಿಯನಿಗಿರಲಿ. ಪಾಪ, ಅವನಿಗೆ ಸೆಕೆ ತಡೆಯಲಿಕ್ಕೆ ಆಗುವುದಿಲ್ಲ.”

ಮೋಹನದಾಸ ಥಟ್ಟನೆ ಕೈ ಚಾಚಿದ. “ಜಯಲತಕ್ಕ, ಆ ಎರಡನೇ ಕಾಗದ ಕೊಡಿ, ಬೇಗ!”

“ಡಾಕ್ಟ್ರು ಹೇಳಿದ್ದು ನಂಗೆ ಈಗ ತಲೆಗೆ ಹೋಯ್ತು ಮಾರಾಯಾ. ಅದು ಸುಮ್ಮನೆ ಹೆದರಿಸುವ ಕಾಗದ. ಹರಿದು ಬಿಸಾಡಿದೆ, ಗ್ರೂಪಿನಿಂದ್ಲೂ ತೆಗ್ದೆ,” ಎನ್ನುತ್ತ ಜಯಲತಕ್ಕ ಮಂಕಿ ಕ್ಯಾಪನ್ನು ಅವನ ಕಿವಿ ಮುಚ್ಚುವಂತೆ ಎಳೆದರು. “ಇದು ನೀನೇ ಇಟ್ಕೋ. ನಾಳೆಯಿಂದ ಬೇಕಾಗ್ತದೆ.”