ಅವ್ವ ಕೂರೋ ತನಕ ಕಾರು ತೊಳೆದದ್ದು

ಕಾರು ಕೊಂಡವರನ್ನು ಕೇಳಿ ನೋಡಿ, ಪೆಟ್ರೋಲು ಕುಡಿಯುತ್ತದೆ, ಟೈರು ಸವೆಯುತ್ತದೆ ಅಂತ ಗೋಳು ಹೇಳಿಕೊಳ್ಳುತ್ತಾರೆ. ನನ್ನ ಗೋಳೇ ಬೇರೆ. ನಾನು ಕಾರು ಓಡಿಸಿದ್ದಕ್ಕಿಂತ ತೊಳೆದದ್ದು ಜಾಸ್ತಿ. ಕೈಗೆ ಬಕೆಟ್ಟು ತೆಗೆದುಕೊಂಡಾಗಲೆಲ್ಲ ಒಂದಲ್ಲ ಒಂದು ಫಜೀತಿ ಆಗಿಯೇ ಅದು ಕೆಳಗಿಳಿಯುತ್ತಿತ್ತು.

ಐವತ್ತರ ದಶಕದ ಕೊನೆಯ ಮಾತು. ನಾನು ದಾವಣಗೆರೆಯಲ್ಲಿ ಹೊಸ ವಕೀಲ, ಪಿ.ಜೆ. ಬಡಾವಣೆಯಲ್ಲಿ ಮನೆ. ಕೇಸು ಕಡಿಮೆ, ಹುಮ್ಮಸ್ಸು ಜಾಸ್ತಿ. ಊರು ಬಿಟ್ಟು ಹೊರಟಿದ್ದ ಬಿಳಿ ದೊರೆಯೊಬ್ಬನಿಂದ ಕರಿ ಬಣ್ಣದ ಹಳೇ ಕಾರೊಂದನ್ನು ಕೊಂಡೆ. ನನ್ನ ಶೋಕಿಗೆ ಕೊಂಡೆ ಅಂತ ಊರು ಆಡಿಕೊಂಡಿತು. ಆದರೆ ಕೊಂಡದ್ದು ಅವ್ವನಿಗೆ. ಅಪ್ಪ ಹೋದ ಮೇಲೆ ಅವಳಿಗೆ ತವರು ಅಂತ ಉಳಿದಿದ್ದು ಹರಿಹರದಲ್ಲಿದ್ದ ತಮ್ಮನ ಮನೆ ಒಂದೇ. ಬಸ್ಸು ಹತ್ತಿದರೆ ಹೊಗೆ ವಾಸನೆಗೆ ವಾಂತಿ. ಚಕ್ಕಡಿ ಹತ್ತಿದರೆ ಸೊಂಟ ಹಿಡಿಯುತ್ತಿತ್ತು. ರೈಲೆಂದರೆ ಕಣ್ಣಿಗೆ ಇದ್ದಿಲಿನ ಕಿಡಿ ಬೀಳುತ್ತದೆ ಅಂತ ಹೆದರಿಕೆ. ಹಿಂಗಾಗಿ ಎರಡು ವರ್ಷದಿಂದ ತಮ್ಮನ ಮುಖ ಕಂಡಿರಲಿಲ್ಲ.

ಕಾರು ಬಾಗಿಲಿಗೆ ಬಂದ ದಿನ ಅವ್ವ ಅದನ್ನು ಒಂದು ಸುತ್ತು ಹಾಕಿ, ಹಿಂದಿನ ಸೀಟಿನ ಮೇಲಿದ್ದ ಒಂದು ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಅದು ದೊರೆಯ ನಾಯಿಯದು. ಆ ಸೀಟು ನಾಯಿಯದೇ ಆಗಿತ್ತು ಅನ್ನುವುದನ್ನೂ, ದೊರೆ ಮಾಂಸ ತರುತ್ತಿದ್ದದ್ದು ಅದೇ ಕಾರಿನಲ್ಲಿ ಅನ್ನುವುದನ್ನೂ ಅಷ್ಟರಲ್ಲೇ ಯಾರೋ ಅವಳ ಕಿವಿಗೆ ಹಾಕಿದ್ದರು.

"ಕೊರಳಾಗೆ ಲಿಂಗ ಕಟ್ಕೊಂಡೋಳು ನಾಯಿ ಕೂತ ಜಾಗದಾಗೆ ಕೂರ್ಲೇನು?" ಅಂದಳು. "ತೊಳಿ. ಶುದ್ಧ ಆತು ಅಂತ ನನ್ನ ಮನಸ್ಸಿಗೆ ಬಂದ ದಿನ ಹತ್ತುತೀನಿ."

ಆಳಿನ ಕೈಲಿ ತೊಳೆಸುತ್ತೇನೆ ಅಂದರೆ ಅದಕ್ಕೂ ಒಪ್ಪಲಿಲ್ಲ, ತಂದವನೇ ತೊಳೆಯಬೇಕಂತೆ. ಸೋಪು ಹಾಕುವ ಹಾಗಿಲ್ಲ, ಅದರಲ್ಲಿ ಕೊಬ್ಬು ಇರುತ್ತದಂತೆ. ಅವಳೇ ಡಬ್ಬಿಯಿಂದ ಸೀಗೆಪುಡಿ ಮೊಗೆದು ಕೊಟ್ಟಳು.

ಒಂದು: ಎರಡು ಸಲಹೆ

ಮೊದಲ ಭಾನುವಾರ ಪಟ್ಟಾಪಟ್ಟಿ ಚಡ್ಡಿ ತೊಟ್ಟು, ತಲೆಗೆ ಟವೆಲು ಸುತ್ತಿ, ಸೀಗೆ ಕಲಸಿ, ಸೀಟಿನಿಂದ ಹಿಡಿದು ಚಕ್ರದ ತನಕ ಉಜ್ಜಲು ನಿಂತೆ. ಸೀಗೆ ಕಾರಿಗೆ ಹತ್ತಿದ್ದಕ್ಕಿಂತ ನನ್ನ ಮುಖಕ್ಕೆ ಹತ್ತಿದ್ದೇ ಹೆಚ್ಚು. ಸೀನಿ ಸೀನಿ ಕಣ್ಣು ಕೆಂಪಾಗಿದ್ದವು. ಆ ಹೊತ್ತಿಗೆ ಸರಿಯಾಗಿ ಮಲೆಬೆನ್ನೂರಿನ ರೈತನೊಬ್ಬ ಬಂದು, ವಕೀಲರು ಎದ್ದಾರೇನಪ್ಪ ಅಂತ ನನ್ನನ್ನೇ ಕೇಳಿದ.

ನಾನೇ ವಕೀಲ ಅನ್ನಲು ಆ ಚಡ್ಡಿಯಲ್ಲಿ ಬಾಯಿ ಬರಲಿಲ್ಲ. ಸಾಹೇಬರು ಪೂಜೆಗೆ ಕೂತಿದ್ದಾರೆ, ಕೂಡ್ರಿ ಅಂದೆ. ಆತ ಕಟ್ಟೆ ಮೇಲೆ ಕೂತು, ಸುಮ್ಮನೆ ಕೂರಲಾರದೆ ತನ್ನ ಕಥೆ ತೆಗೆದ. ಪಕ್ಕದ ಗದ್ದೆಯ ದಾಯಾದಿ ಬದು ಒತ್ತಿದ್ದಾನೆ, ಕೋರ್ಟಿಗೆ ಎಳೀಬೇಕು. ಕಾಗದ ಪತ್ರ ಏನಿದೆ ಅಂತ ಚಕ್ರ ಉಜ್ಜುತ್ತಲೇ ಕೇಳಿದೆ. ಏನೂ ಇಲ್ಲ ಅಂದ. ಹಂಗಾದರೆ ಕೋರ್ಟಿನ ಗೊಡವೆ ಬ್ಯಾಡ, ದಾಯಾದಿಯನ್ನು ಮನೆಗೆ ಕರೆದು ಹೋಳಿಗೆ ಊಟ ಹಾಕಿ ರಾಜಿ ಮಾಡಿಕೋ, ಕೇಸು ನಿಲ್ಲಲ್ಲ ಅಂತ ಹೇಳಿದೆ. ತುಂಬಾ ಹೊತ್ತು ತಲೆದೂಗಿದ.

ಆಮೇಲೆ ನಾನು ಹಿತ್ತಲ ಬಾಗಿಲಿಂದ ಒಳಗೆ ನುಗ್ಗಿ, ಮುಖ ತೊಳೆದು, ಕರಿ ಕೋಟು ಹಾಕಿ, ಕನ್ನಡಕ ಏರಿಸಿ ಮೇಜಿನ ಹಿಂದೆ ಕೂತು ಆತನನ್ನು ಕರೆಸಿದೆ. ಅದೇ ಕಥೆ ಮತ್ತೊಮ್ಮೆ ಕೇಳಿದೆ. ಕೋಟಿನ ಗುಣವೋ, ಮೂರು ವಾರದಿಂದ ಒಂದೂ ಕೇಸು ಬಂದಿರಲಿಲ್ಲ ಅನ್ನುವುದರ ಗುಣವೋ, ಕೇಸು ಬಹಳ ಗಟ್ಟಿ ಐತೆ, ಹಾಕೇಬಿಡೋಣ ಅಂದೆ.

ಆತ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರೆ. ಹೊರಗೆ ಕಾರು ತೊಳೀತಿದ್ನಲ್ಲ, ಅವ್ನನ್ನ ಒಂದ್ ಸ್ವಲ್ಪ ಒಳಗೆ ಕರೀರಿ. ನೀವಿಬ್ರೂ ಮೊದ್ಲು ಒಂದು ಮಾತಿಗೆ ಬರ್ರಿ."

ಎರಡು: ಎಣ್ಣೆ ಹಚ್ಚಿದ್ದು

ನಾಲ್ಕು ಭಾನುವಾರ ಸೀಗೆ ಹಾಕಿ ಉಜ್ಜಿದ್ದಕ್ಕೆ ಕರಿ ಕಾರು ಬೂದಿ ಬಣ್ಣಕ್ಕೆ ತಿರುಗಿತು. ಅವ್ವ ನೋಡಿ, ಶುದ್ಧ ಆಗೋದಿರಲಿ, ಇದಕ್ಕೆ ಜಡ್ಡು ಬಂದಂಗೆ ಐತೆ ಅಂದಳು.

ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಸೈಕಲ್ಲನ್ನೂ ಹತ್ತಿದವರಲ್ಲ, ಆದರೆ ಅವರಿಗೆ ತಿಳಿಯದ ವಿಷಯವೇ ಇರಲಿಲ್ಲ. ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿ, ಬರೀ ಸೀಗೆ ಹಾಕಿದರೆ ತಲೆಯೂ ಒಣಗುತ್ತದೆ, ಕಾರೂ ಒಣಗುತ್ತದೆ, ಮೊದಲು ಎಣ್ಣೆ ತಿಕ್ಕಬೇಕಿತ್ತು ಅಂತ ಅಪ್ಪಣೆ ಕೊಡಿಸಿದರು. ಮಾತು ನ್ಯಾಯವಾಗಿಯೇ ಕಂಡಿತು. ಎರಡು ಸೇರು ಶೇಂಗಾ ಎಣ್ಣೆ ತಂದು, ಬಾಣಂತಿಗೆ ತಿಕ್ಕುವ ಹಾಗೆ ನೆತ್ತಿಯಿಂದ ಚಕ್ರದ ತನಕ ತಿಕ್ಕಿದೆ. ಏನು ಹೊಳಪು ಅಂತೀರಿ. ಮೇಷ್ಟ್ರು ಬಾಗಿಲಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿದರು. ಅವ್ವನೂ, ಇವತ್ತು ಒಂದಿಷ್ಟು ಕಳೆ ಬಂದೈತೆ ಅಂದಳು. ನನ್ನ ಎದೆ ಉಬ್ಬಿತು.

ಮರುದಿನ ಹರಿಹರದ ಕೋರ್ಟಿನಲ್ಲಿ ಕೆಲಸವಿತ್ತು. ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಹತ್ತಿ ಸುಗ್ಗಿಯ ಕಾಲ ಅನ್ನುವುದು ಇಬ್ಬರ ತಲೆಗೂ ಹೊಳೆದಿರಲಿಲ್ಲ. ಹತ್ತಿ ಬಿಡಿಸುವ ಫ್ಯಾಕ್ಟರಿಗಳ ಬೀದಿಗೆ ತಿರುಗಿದೆವು. ಮುಂದೆ ಹತ್ತಿ ತುಂಬಿದ ಚಕ್ಕಡಿಗಳ ಸಾಲು, ಗಾಳಿಯ ತುಂಬಾ ಅರಳೆ. ಹಾರುವ ಅರಳೆಗೆ ಕೂರಲು ಜಾಗ ಬೇಕಿತ್ತು, ನಮ್ಮ ಎಣ್ಣೆ ಕಾರು ಸಿಕ್ಕಿತು. ಬೀದಿ ದಾಟುವಷ್ಟರಲ್ಲಿ ಮುಂದಿನ ಗಾಜು ಬಿಟ್ಟು ಉಳಿದದ್ದೆಲ್ಲ ಬೆಳ್ಳಗೆ, ದಪ್ಪಗೆ, ಮೆತ್ತಗೆ ಆಗಿತ್ತು. ಒರೆಸಲು ಹೋದರೆ ಇನ್ನೂ ಗಟ್ಟಿ ಹಿಡಿಯುತ್ತಿತ್ತು. ಹಾಗೇ ಹರಿಹರ ಸೇರಿದೆವು.

ಕೋರ್ಟಿನ ಮುಂದೆ ಜನ ಸೇರಿತು. ಅಲ್ಲಿ ಕಂಬಳಿ ಮಾರುತ್ತಿದ್ದ ಅಜ್ಜನೊಬ್ಬ ಎದ್ದು ಬಂದು ಕಾರಿನ ಬೆನ್ನು ಸವರಿದ, ಒಂದು ಎಳೆ ಕಿತ್ತು ಬೆರಳಲ್ಲಿ ಹೊಸೆದು ನೋಡಿದ. ಆಮೇಲೆ ಮೇಷ್ಟ್ರನ್ನು ಗಂಭೀರವಾಗಿ ಕೇಳಿದ, "ಉಣ್ಣೆ ವರ್ಷಕ್ಕೆ ಎಷ್ಟು ಸಲ ಕತ್ತರಿಸ್ತೀರಿ?"

ಗೊತ್ತಿಲ್ಲ ಅಂದು ಜನ್ಮದಲ್ಲಿ ಅಭ್ಯಾಸವಿಲ್ಲದ ಮೇಷ್ಟ್ರು, ಎರಡು ಸಲ ಅಂದರು.

ಮೂರು: ಮೇಣ

ಆ ಅರಳೆ ಬಿಡಿಸಲು ಹದಿನೈದು ದಿನ ಹಿಡಿಯಿತು. ನನ್ನ ಅವಸ್ಥೆ ಕೇಳಿ ಬೊಂಬಾಯಿಯಲ್ಲಿದ್ದ ಗೆಳೆಯನೊಬ್ಬ ಕಾರಿಗೆ ಹಚ್ಚುವ ಮೇಣದ ಡಬ್ಬಿ ಕಳಿಸಿದ. ಇದರಲ್ಲಿ ಏನೈತೆ ಅಂತ ಅವ್ವ ಮೂಸಿ ನೋಡಿದಳು. ಜೇನುಮೇಣ ಅಂದೆ. ಆಗಬಹುದು ಅಂದಳು.

ಬೆರಳಲ್ಲಿ ತೆಳ್ಳಗೆ ಹಚ್ಚು, ಒಣಗಲು ಬಿಡು, ಮೆತ್ತನೆ ಬಟ್ಟೆಯಲ್ಲಿ ಉಜ್ಜು. ಮೂರು ದಿನ ಕೋರ್ಟಿಗೆ ರಜೆ ಹಾಕಿ ಇದನ್ನೇ ಮಾಡಿದೆ. ತೋಳು ಬಿದ್ದುಹೋದವು. ಆದರೆ ಕಾರು ಮಾತ್ರ ಫಳಫಳ. ಧೂಳು ಕೂರದು, ನೀರು ಚಿಮುಕಿಸಿದರೆ ಕೆಸುವಿನ ಎಲೆ ಮೇಲಿನ ಹಾಗೆ ಉರುಳಿ ಹೋಗುವುದು. ಅವ್ವ ಬಂದು ನಿಂತಳು. ಕರಿ ಬಾಗಿಲಲ್ಲಿ ಅವಳ ನೆರೆತ ತಲೆ, ಹಣೆಯ ವಿಭೂತಿ, ಎಲ್ಲಾ ಕಾಣುತ್ತಿತ್ತು. ಅದರಲ್ಲೇ ನೋಡಿಕೊಂಡು ಸೆರಗು ಸರಿಮಾಡಿಕೊಂಡಳು.

"ಈಗ ಮನಸ್ಸಿಗೆ ಬಂತು. ಸೋಮವಾರ ಹರಿಹರಕ್ಕೆ ಹೋಗೋಣ" ಅಂದಳು. ಕೇಸು ಗೆದ್ದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಹೊರಗೆ ಬಂದವಳು, ಹೊಸ ಗಾಡಿ ಹತ್ತುವ ಮೊದಲು ವಿಭೂತಿ ಹಚ್ಚಬೇಕಲ್ಲ ಅಂತ ಬಟ್ಟಲಲ್ಲಿ ವಿಭೂತಿ ಕಲಸಿ ತಂದಳು. ಮೂರು ಬೆರಳು ಅದ್ದಿ ಬಾನೆಟ್ಟಿನ ಮೇಲೆ ಎಳೆದಳು. ಮೂರು ಗೆರೆಗಳೂ ಹನಿ ಹನಿಯಾಗಿ ಒಡೆದು, ಜಾರಿ, ನೆಲಕ್ಕೆ ಬಿದ್ದವು. ಮತ್ತೆ ಎಳೆದಳು. ಮತ್ತೆ ಜಾರಿದವು. ಮೂರನೇ ಸಲವೂ ಒಂದು ಗೆರೆ ನಿಲ್ಲಲಿಲ್ಲ. ಅಷ್ಟರಲ್ಲಿ ಮೇಷ್ಟ್ರೂ ಸೇರಿ ಬೀದಿಯ ಐದಾರು ಜನ ಬಂದು ನಿಂತಿದ್ದರು.

"ಶಿವ ಒಲ್ಲೆ ಅಂದ" ಅಂತ ಅವ್ವ ಕಟ್ಟೆ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು.

ನನ್ನ ವಕೀಲಿಯಲ್ಲೇ ದೊಡ್ಡ ವಾದವನ್ನು ಆವತ್ತು ಮಂಡಿಸಿದೆ. ಇದು ಮೇಣದ ಗುಣ, ನೀರಿನಲ್ಲಿ ಕಲಸಿದ್ದು ಯಾವುದೂ ನಿಲ್ಲಲ್ಲ, ಶಿವನಿಗೂ ಇದಕ್ಕೂ ಸಂಬಂಧ ಇಲ್ಲ ಅಂದೆ. ಶಿವನಿಗೆ ಸಂಬಂಧ ಇಲ್ಲ ಅಂದಿದ್ದೇ ತಪ್ಪಾಯಿತು, ಅವ್ವ ಮುಖ ತಿರುಗಿಸಿದಳು. ನನಗೂ ದುಃಖ ಒತ್ತಿ ಬಂತು. ಎರಡು ತಿಂಗಳು ಉಜ್ಜಿದ್ದು ಹೋಗಲಿ, ಅವಳು ಇನ್ನು ತಮ್ಮನನ್ನು ನೋಡುವುದು ಯಾವಾಗ? ಅದನ್ನೇ ಬಾಯಿಬಿಟ್ಟು ಹೇಳಿದೆ.

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎದ್ದು ಬಂದು, ಬಟ್ಟಲಲ್ಲಿ ಉಳಿದಿದ್ದ ವಿಭೂತಿಯನ್ನು ನನ್ನ ಹಣೆಗೆ ಈ ಕಿವಿಯಿಂದ ಆ ಕಿವಿಗೆ ಎಳೆದಳು. ಜಾರುತ್ತದೋ ಏನೋ ಅಂತ ಸೊಂಟದ ಮೇಲೆ ಕೈಯಿಟ್ಟು ಕಾದಳು. ಒಣಗಿ ನಿಂತಿತು.

"ಗಾಡಿಗೆ ಹತ್ತದಿದ್ರೂ ಗಾಡಿ ಹೊಡಿಯೋನಿಗೆ ಹತ್ತೈತೆ, ಸಾಕು. ಸದ್ಯ, ನಿನ್ನ ಹಣೆಗೂ ಮೇಣ ಬಳ್ಕೊಂಡಿಲ್ವಲ್ಲ. ನಡಿ."

ನಾಲ್ಕು: ಸವಾರಿ

ಒಂದು ಕಾಲು ಒಳಗಿಟ್ಟವಳು ಅಲ್ಲೇ ನಿಂತು, ಬಾನೆಟ್ಟಿನ ಕಡೆ ಬೆರಳು ಮಾಡಿ, "ಅದರ ಹೊಟ್ಟೆ ಒಳಗೆ ತೊಳೆದಿಯಾ?" ಅಂದಳು.

ತೊಳೆದಿರಲಿಲ್ಲ. ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಅನ್ನುವ ಗಾಬರಿಗೆ ಓಡಿ ಹೋಗಿ, ಬಾನೆಟ್ಟು ಎತ್ತಿ, ಎರಡು ಕೊಡ ನೀರನ್ನು ಇಂಜಿನ್ನಿನ ತಲೆ ಮೇಲೆ ಸುರಿದೆ. ಅವ್ವನಿಗೆ ಸಮಾಧಾನ ಆಯಿತು. ತಮ್ಮನಿಗೆಂದು ಮಾಡಿದ್ದ ಚಕ್ಕುಲಿಯ ಗಂಟನ್ನು ತೊಡೆ ಮೇಲಿಟ್ಟುಕೊಂಡು ಹಿಂದಿನ ಸೀಟಿನ ನಟ್ಟನಡುವೆ ಕೂತಳು. ಕೂತಳು! ನಾನು ಚಾಲೂ ಮಾಡಲು ಹೋದೆ. ಇಂಜಿನ್ನು ಕಮಕ್ ಕಿಮಕ್ ಅನ್ನಲಿಲ್ಲ. ಇಳಿದು ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುವಿದೆ. ಭುಜ ನೋಯಿತೇ ಹೊರತು ಬೇರೇನೂ ಆಗಲಿಲ್ಲ.

ಈಗ ಅವ್ವನನ್ನು ಇಳಿ ಅಂದರೆ ಅಪಶಕುನ ಅನ್ನುತ್ತಾಳೆ, ಈ ಜನ್ಮದಲ್ಲಿ ಮತ್ತೆ ಹತ್ತುವುದಿಲ್ಲ. ನನ್ನ ಮುಖ ನೋಡಿ ಮೇಷ್ಟ್ರಿಗೆ ಎಲ್ಲಾ ಅರ್ಥವಾಯಿತು. ಜೀವಮಾನದಲ್ಲಿ ಮೊದಲ ಸಲ ಸಲಹೆ ಕೊಡದೆ, ಪಂಚೆ ಎತ್ತಿ ಕಟ್ಟಿ ಕಾರಿನ ಹಿಂದೆ ಹೋದರು. ನಿಂತಿದ್ದ ಉಳಿದವರಿಗೂ ಕಣ್ಣಲ್ಲೇ ಸನ್ನೆ ಮಾಡಿದರು. ಕಾರು ಹೊರಟಿತು.

ನಾನು ಭಾರಿ ಗತ್ತಿನಿಂದ ಸ್ಟೀರಿಂಗ್ ತಿರುಗಿಸುತ್ತಾ ಕೂತೆ. ಕಾರು ಮರಗಳ ಕೆಳಗೆ ಮೆಲ್ಲಗೆ, ಸದ್ದಿಲ್ಲದೆ ಸಾಗಿತು. ಅವ್ವ ಕಿಟಕಿಯಿಂದ ಬಾಗಿಲು ಬಾಗಿಲಿನ ಹೆಂಗಸರಿಗೂ ಹೇಳಿದ್ದೇ ಹೇಳಿದ್ದು, ಮಗ ಹರಿಹರಕ್ಕೆ ಕರ್ಕೊಂಡು ಹೊಂಟಾನೆ, ತಮ್ಮನ್ನ ನೋಡಿ ಬರ್ತೀನಿ ಅಂತ. ತರಕಾರಿ ಮಾರುವವಳು ನಮ್ಮನ್ನು ದಾಟಿ ಮುಂದೆ ಹೋದಳು.

ಬಡಾವಣೆಯ ಕೊನೆ ಮುಟ್ಟುವಷ್ಟರಲ್ಲಿ ಹಿಂದೆ ಮೇಷ್ಟ್ರ ಏದುಸಿರು ನನಗೇ ಕೇಳಿಸತೊಡಗಿತು. ಇನ್ನು ಮುಚ್ಚಿಟ್ಟು ಫಲವಿಲ್ಲ ಅಂತ ತಲೆ ತಗ್ಗಿಸಿ ಹೇಳಿದೆ, "ಅವ್ವಾ, ಇಂಜಿನ್ನು ಶುರುವೇ ಆಗಿಲ್ಲ. ಪಾಪ, ಅವರು ದೂಡ್ತಾ ಇದಾರೆ."

ಅವ್ವ ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದಳು. ಬೆವರು ಸುರಿಯುತ್ತಿದ್ದ ಆರು ಮುಖಗಳು. ಕಾರು ನಿಂತಿತು. ಇಳಿದೇಬಿಡುತ್ತಾಳೆ ಅಂತ ನಾನು ಕಣ್ಣು ಮುಚ್ಚಿದೆ.

"ಅದಕ್ಕೇ ಅಂತೀನಿ" ಅಂದಳು ಅವ್ವ. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ. "ಹೊಗೆ ಇಲ್ಲ, ಸದ್ದಿಲ್ಲ, ಹೊಟ್ಟೆ ತೊಳಸ್ಲಿಲ್ಲ. ಇಂಥ ಗಾಡಿ ನಾ ಕಂಡೇ ಇಲ್ಲ ನೋಡಪ."

ಮಡಿಲ ಗಂಟು ಬಿಚ್ಚಿ, ಒಂದು ಹಿಡಿ ಚಕ್ಕುಲಿಯನ್ನು ಕಿಟಕಿಯಿಂದ ಹೊರಗೆ ಚಾಚಿದಳು.

"ತಗೊಳ್ರಿ ಮೇಷ್ಟ್ರೆ, ಎಲ್ರೂ ತಿನ್ರಿ. ಹರಿಹರ ಇನ್ನೂ ಒಂಬತ್ತು ಮೈಲಿ ಐತೆ."