ಐನೂರನೆಯ ಸಹಿ

ಒಂದೇ ಒಂದು ಸಹಿ ಕಡಿಮೆ ಬಿದ್ದದ್ದು ಬೊನಿಫಾಸನ ಗ್ರಹಚಾರಕ್ಕೆ ಮೂಲವಾಯಿತು.

ಮಾಂಡವಿ ನದಿಯ ಕ್ಯಾಸಿನೋ ಹಡಗುಗಳನ್ನು ಮುಚ್ಚಿಸಬೇಕೆಂದು ಪಣಜಿಯ ಅವನ ವಾಡೆಯವರು, ಅಂದರೆ ಕೇರಿಯವರು, ಮನವಿ ಬರೆದಿದ್ದರು. ಅಹವಾಲು ಕೇಳಲು ಸರ್ಕಾರದ ಮಹಿಳಾ ಅಧಿಕಾರಿಯೊಬ್ಬರು ಅಂದು ಸಂಜೆ ಐದಕ್ಕೆ ಚಾಪೆಲ್ ಪಕ್ಕದ ಸಭಾಂಗಣಕ್ಕೆ ಬರುವವರಿದ್ದರು. ಶಾಲೆಯ ಗುಮಾಸ್ತನೂ ಮನವಿ ಸಮಿತಿಯ ಕಾರ್ಯದರ್ಶಿಯೂ ಆದ ಬೊನಿಫಾಸ್ ಸಹಿಗಳನ್ನು ಮೂರು ಸಲ ಎಣಿಸಿದ. ಮೂರು ಸಲವೂ ನಾನೂರ ತೊಂಬತ್ತೊಂಬತ್ತು.

"ಬಾಬ, ನಾನೂರ ತೊಂಬತ್ತೊಂಬತ್ತು ಅಂದ್ರೆ ಚಪ್ಪಲಿ ಅಂಗಡಿ ರೇಟು," ಎಂದರು ಅಧ್ಯಕ್ಷ ಸಿಪ್ರಿಯಾನೊ. "ಹೊಳೆ ದಾಟಿ ನಿನ್ನ ಚಿಕ್ಕಮ್ಮ ಕಿತೇರಿ ಮಾವ್ಶಿ ಸಹಿ ಹಾಕಿಸ್ಕೊಂಡು ಬಾ. ಐನೂರು ಆಗ್ದೆ ನನ್ನ ಮುಂದೆ ನಿಲ್ಬೇಡ."

"ಮುಚ್ಚೋದ್ಯಾಕೆ ಯಜಮಾನ್ರೇ?" ಎಂದ ಪಕ್ಕದ ಮನೆಯ ಟೊಲೆಂತಿನೊ. ಅವನದು ಪ್ರವಾಸಿಗರಿಗೆ ಸ್ಕೂಟರ್ ಬಾಡಿಗೆ ಕೊಡುವ ಕಸುಬು. "ಕಾನೂನು ಬಿಗಿ ಮಾಡಿದ್ರೆ ಸಾಲ್ದಾ?"

"ಕಾನೂನು ಇದೆಯಲ್ಲಯ್ಯಾ! ಗೋವಾದವ್ರು ಜೂಜಿನ ಹಡಗು ಹತ್ತಬಾರ್ದು ಅಂತ. ಕೇಳೋರು ಯಾರು?"

ಬೊನಿಫಾಸನಿಗೆ ಇವರಿಬ್ಬರಿಗಿಂತ ಹೆಚ್ಚು ಭಯ ಹೆಂಡತಿ ಎರ್ಮೆಲಿಂದಾಳದ್ದು. ಅವಳ ತಮ್ಮ, ತಾಯಿಯ ಮದುವೆಯ ಚಿನ್ನದ ಸರವನ್ನು ಅಂಥ ಹಡಗಿನಲ್ಲೇ ಸೋತು ಬಂದಿದ್ದ. ಆವತ್ತೇ ಅವಳು ಶಿಲುಬೆ ಮುಟ್ಟಿ ಹೇಳಿದ್ದಳು: "ಆ ಹಡಗಿಗೆ ಕಾಲಿಟ್ಟವ್ರು ಈ ಹೊಸ್ತಿಲು ದಾಟೋ ಹಾಗಿಲ್ಲ. ಗಂಡನಾದ್ರೂ ಸರಿ, ಪಾದ್ರಿಯಾದ್ರೂ ಸರಿ."

ಹೊಳೆ ದಾಟಿಸುವ ಫೆರಿಯಲ್ಲಿ ನಡೆದು ಹತ್ತುವವರಿಗೆ ಟಿಕೆಟ್ಟಿಲ್ಲ. ಹಾಗಾಗಿ ಊರಿನವರು ಯಾರೂ ಬೋರ್ಡು ನೋಡುವುದಿಲ್ಲ. ಮುಂದಿನವರ ಬೆನ್ನು ನೋಡಿಕೊಂಡು ಹತ್ತುತ್ತಾರೆ. ದೋಣಿ ಕಟ್ಟುವ ಪಕ್ಕದ ಧಕ್ಕೆ ರಿಪೇರಿಯಲ್ಲಿದ್ದುದರಿಂದ, ಅಲ್ಲಿನ ದೋಣಿಗಳಿಗೆ ಜಾಗ ಬಿಟ್ಟುಕೊಟ್ಟು ಫೆರಿ ಆ ವಾರ ನೂರು ಹೆಜ್ಜೆ ಆಚೆಗೆ ಸರಿದಿತ್ತು. ಆ ಸೂಚನೆಯನ್ನು ವಾಡೆಯ ಗೋಡೆಗೆ ಅಂಟಿಸಿದವನು ಬೊನಿಫಾಸನೇ. ಆದರೆ ಗೋಡೆಗೆ ಗೋಂದು ಸುರಿದು ಯಾರಾದರೂ ಬೈದಾರೆಂಬ ಚಿಂತೆಯಲ್ಲಿ ಅವನು ಅದನ್ನು ಓದಿರಲಿಲ್ಲ.

ಫೈಲನ್ನು ಕಂಕುಳಲ್ಲಿ ಅವುಚಿಕೊಂಡು ಹಳೆಯ ಜಾಗಕ್ಕೇ ಹೋದ. ಅಗಲವಾದ ಬೆನ್ನೊಂದು ಕಂಡಿತು. ಹಿಂಬಾಲಿಸಿದ. ಅದು ಸೂರತ್ತಿನಿಂದ ಮೂವತ್ತು ಜನರ ತಂಡ ಕಟ್ಟಿಕೊಂಡು ಬಂದ ವಿನುಭಾಯಿಯ ಬೆನ್ನು. ತಂಡದವನೊಬ್ಬ ಹೊಟ್ಟೆ ಕೆಟ್ಟು ಹೋಟೆಲಿನಲ್ಲೇ ಮಲಗಿದ್ದ.

"ಇಪ್ಪತ್ತೆಂಟು, ಇಪ್ಪತ್ತೊಂಬತ್ತು," ಎಂದು ತಲೆ ಎಣಿಸುತ್ತಿದ್ದ ಹುಡುಗಿ ಬೊನಿಫಾಸನನ್ನು ನೋಡಿ, "ಮೂವತ್ತು! ಸರಿಯಾಯ್ತು," ಎಂದು ಅವನ ಮಣಿಕಟ್ಟಿಗೆ ಕೆಂಪು ಪಟ್ಟಿ ಅಂಟಿಸಿದಳು. ಫೆರಿಗೆ ಹೊಸ ನಿಯಮ ಬಂದಿರಬೇಕು ಎಂದುಕೊಂಡು ಅವನು ದೋಣಿ ಹತ್ತಿದ.

ಆಚೆಯ ದಡ ಇನ್ನೂ ದೂರವಿರುವಾಗಲೇ ದೋಣಿ ನಿಂತಿತು. ತಲೆಯೆತ್ತಿದರೆ ನಾಲ್ಕು ಅಂತಸ್ತಿನ ಹಡಗು! ಹಿಂದಿನಿಂದ ಸೂರತ್ತು ನೂಕಿತು. ನಾಲಿಗೆ ಹೊರಳುವಷ್ಟರಲ್ಲಿ ಅವನು ಕೆಂಪು ಜಮಖಾನೆಯ ಮೇಲೆ, ಗಿರಗಿರನೆ ತಿರುಗುವ ಚಕ್ರಗಳ ನಡುವೆ ನಿಂತಿದ್ದ. ಯಾರಾದರೂ ನೋಡಿದರೆ? ಎರ್ಮೆಲಿಂದಾಳ ಕಿವಿಗೆ ಬಿದ್ದರೆ?

ಬಾಗಿಲಲ್ಲಿದ್ದ ಕಾವಲುಗಾರನ ಬಳಿ ಹೋಗಿ ಪಿಸುಗುಟ್ಟಿದ: "ಅಣ್ಣಾ, ನಾನು ಗೋವಾದವನು. ದಯವಿಟ್ಟು ನನ್ನನ್ನ ಹೊರಗೆ ಹಾಕಿ."

ಕಾವಲುಗಾರ ನಕ್ಕ. "ಗೋವಾದವ್ರು ಇಲ್ಲಿ ಕಾರವಾರದವನು ಅಂತಾರೆ, ಬೆಳಗಾವಿಯವನು ಅಂತಾರೆ. ಗೋವಾದವನು ಅಂತ ಇವತ್ತಿನವರೆಗೆ ಒಬ್ರೂ ಹೇಳಿಲ್ಲ. ತಮಾಷೆ ಸಾಕು ಸಾಹೇಬ್ರೆ."

"ವೋಟರ್ ಕಾರ್ಡ್ ಇದೆ ಅಣ್ಣಾ! ಮನೇಲಿದೆ."

ಕಾವಲುಗಾರನ ಕಣ್ಣು ಫೈಲಿನ ಮೇಲೆ ಬಿತ್ತು. ನಗು ಇಳಿಯಿತು. ಮ್ಯಾನೇಜರ್ ಸೆಹಗಲನ ಕೋಣೆಗೆ ಓಡಿದ. "ಸಾರ್, ಒಬ್ಬ ಆಡೋದಿಲ್ಲ, ಕುಡಿಯೋದಿಲ್ಲ, ಗೋವಾದವನು ಅಂತ ತಾನೇ ಹೇಳ್ಕೋತಾನೆ. ಕಂಕುಳಲ್ಲಿ ಫೈಲು!"

"ಸತ್ತೆವು," ಎಂದ ಸೆಹಗಲ್. "ಊರಿನವ್ರನ್ನ ಒಳಗೆ ಬಿಡ್ತೀವಾ ಅಂತ ಪರೀಕ್ಷೆ ಮಾಡೋಕೆ ಸರ್ಕಾರದವ್ರೇ ಬಂದಿದಾರೆ."

ಅವನು ಸಿಗಡಿಯ ತಟ್ಟೆ ಹಿಡಿದು ಬಂದ. ಬೊನಿಫಾಸ್ ಹೆದರಿ ಬೇಡವೆಂದ. ಸೆಹಗಲ್ ಇನ್ನಷ್ಟು ಹೆದರಿದ. ಗೋವಾದಲ್ಲಿದ್ದೂ ಸಿಗಡಿ ಬೇಡವೆನ್ನುವವನು ಎಂಥ ಖಡಕ್ ಅಧಿಕಾರಿ!

"ನಿಮಗೆ ಏನು ಬೇಕು ಹೇಳಿಬಿಡಿ ಸಾರ್."

"ದೋಣಿ! ಐದಕ್ಕೆ ಸಭೆಯಿದೆ. ಈ ಫೈಲು ಅಲ್ಲಿಗೆ ತಲುಪದಿದ್ರೆ ನಾನು ಉಳಿಯೋದಿಲ್ಲ."

ಸೆಹಗಲ್ ಬೆವರು ಒರೆಸಿಕೊಂಡು ಒಳಗೆ ಹೋಗಿ, ಟೈಪು ಮಾಡಿಸಿದ ಹಾಳೆಯೊಂದನ್ನು ತಂದ. "ದೋಣಿ ಸಿದ್ಧವಿದೆ ಸಾರ್. ಇಲ್ಲೊಂದು ಸಹಿ ಹಾಕಿಬಿಡಿ, ಅಷ್ಟೇ."

ಸಹಿ ಹಾಕುವುದಾದರೆ ಬ್ರೆಡ್ಡು ಸುತ್ತಿದ ಕಾಗದವನ್ನೂ ಕೊನೆಯ ಸಾಲಿನವರೆಗೆ ಓದುವ ಮನುಷ್ಯ ಬೊನಿಫಾಸ್. ಆದರೆ ಗಡಿಯಾರ ನಾಲ್ಕು ನಲವತ್ತು ತೋರಿಸುತ್ತಿತ್ತು. ಜೀವನದಲ್ಲಿ ಮೊದಲ ಸಲ ಓದದೆ ಸಹಿ ಹಾಕಿದ. ಅಭ್ಯಾಸಬಲದಿಂದ ಕೆಳಗೆ 'ಕಾರ್ಯದರ್ಶಿ' ಎಂದೂ ಬರೆದ.

ಸಭಾಂಗಣಕ್ಕೆ ಏದುಸಿರು ಬಿಡುತ್ತ ಓಡಿಬಂದು ಫೈಲನ್ನು ಅಧಿಕಾರಿಯ ಮೇಜಿನ ಮೇಲಿಟ್ಟ. ಸಿಪ್ರಿಯಾನೊ ಐನೂರಾಯಿತೇ ಎಂದು ಕಣ್ಣಲ್ಲೇ ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ ಕ್ಯಾಸಿನೋದ ವಕೀಲ ಎದ್ದು, ಅದೇ ದೋಣಿಯವನು ಆಗತಾನೆ ತಂದುಕೊಟ್ಟ ಹಾಳೆಯೊಂದನ್ನು ಬಿಚ್ಚಿ ಓದಿದ:

"'ಹಡಗನ್ನು ಇಂದು ಖುದ್ದಾಗಿ ನೋಡಿದ್ದೇನೆ. ಗೋವಾದ ಒಬ್ಬನೇ ಒಬ್ಬನೂ ಒಳಗಿಲ್ಲ. ಎಲ್ಲವೂ ಕಾನೂನಿನಂತೆಯೇ ಇದೆ.' ಸಹಿ, ಬೊನಿಫಾಸ್ ಕುಟಿನ್ಹೊ, ಕಾರ್ಯದರ್ಶಿ."

ಸಿಪ್ರಿಯಾನೊ ಸಿಡಿದೆದ್ದರು. "ಶುದ್ಧ ಸುಳ್ಳು! ಒಬ್ಬನೂ ಇಲ್ವಂತೆ! ಹೋದ ಶನಿವಾರ ನಾನೂ ಟೊಲೆಂತಿನೊನೂ ಒಂದೇ ಮೇಜಲ್ಲಿ..."

ಟೊಲೆಂತಿನೊ ಫ್ಯಾನಿನ ರೆಕ್ಕೆ ಎಣಿಸತೊಡಗಿದ. ಸಭೆಯಲ್ಲಿ ಎಷ್ಟೋ ಜನರಿಗೆ ಏಕಕಾಲಕ್ಕೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವ ಕೆಲಸ ಬಂತು.

ಅಧಿಕಾರಿ ಮನವಿಯ ಹಾಳೆಗಳನ್ನು ತಿರುವಿದರು. "ಇದೇನು? ಇದರಲ್ಲಿ ಕಾರ್ಯದರ್ಶಿ ಸಹಿಯೇ ಇಲ್ವಲ್ಲ?"

ಇರಲಿಲ್ಲ. ಮನೆಮನೆ ತಿರುಗಿ ಎಲ್ಲರ ಸಹಿ ಹಾಕಿಸಿದವನು ತನ್ನದನ್ನು ಹಾಕಲು ಮರೆತಿದ್ದ. ಐನೂರನೆಯ ಸಹಿ ಅಷ್ಟು ದಿನವೂ ಅವನ ಕಿಸೆಯ ಪೆನ್ನಿನಲ್ಲೇ ಇತ್ತು. ಈಗ ಕ್ಯಾಸಿನೋದ ಹಾಳೆಯ ಮೇಲಿತ್ತು.

"ಮುಚ್ಚೋ ಮಾತು ಆಮೇಲೆ ನೋಡೋಣ," ಎಂದರು ಅಧಿಕಾರಿ. "ಸದ್ಯಕ್ಕೆ ನಿಯಮ ಬಿಗಿ ಮಾಡೋಣ. ಊರಿನವ್ರನ್ನ ಗುರುತು ಹಿಡಿಯೋಕೆ ಊರಿನವ್ರೇ ಒಬ್ರು ಪ್ರತಿ ಶನಿವಾರ ಹಡಗಿಗೆ ಹೋಗ್ಬೇಕು. ಯಾರು ಹೋಗ್ತೀರಿ?"

"ಬೊನಿಫಾಸ್!" ಎಂದು ಇಡೀ ಸಭೆ ಕೈಯೆತ್ತಿತು. ಮೊದಲು ಎದ್ದದ್ದು ಸಿಪ್ರಿಯಾನೊ ಅವರ ಕೈ. ಹೊರಗೆ ಬರುವಾಗ ಅವರು ಅವನ ಹೆಗಲು ತಟ್ಟಿ ಮೆಲ್ಲಗೆ ಕೇಳಿದರು: "ನಿನಗೆ ದೂರದ್ದು ಅಷ್ಟಾಗಿ ಕಾಣೋದಿಲ್ಲ ಅಲ್ವಾ ಬಾಬ?"

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಬಾಗಿಲಿಗೆ ಅಗುಳಿ ಬಿದ್ದಿತ್ತು. ಕಿಟಕಿ ಒಂದು ಗೇಣು ತೆರೆಯಿತು.

"ಎರ್ಮೆ, ತಪ್ಪಿ ಹತ್ತಿಬಿಟ್ಟೆ. ನಿನ್ನಾಣೆ!"

"ಪ್ರತಿ ಶನಿವಾರ ಹೋಗ್ತೀಯಂತೆ?"

"ಇಲ್ಲ, ಇಲ್ಲ! ಈಗ್ಲೇ ರಾಜೀನಾಮೆ ಬರೀತೀನಿ."

"ಬರೆದು ನೋಡು!" ಕಿಟಕಿಯಿಂದ ಬಟ್ಟೆಯ ಗಂಟೊಂದು ಅವನ ಕಾಲ ಬಳಿ ಬಿತ್ತು. ಅವಳ ಕ್ರಿಸ್ಮಸ್ಸಿನ ಉಳಿತಾಯ. "ಹೇಗೂ ಹೋಗ್ತೀಯಲ್ಲ, ಅಮ್ಮನ ಸರ ಗೆದ್ದು ತಗೊಂಡು ಬಾ. ಅಲ್ಲಿವರೆಗೆ ಈ ಬಾಗಿಲು ತೆಗೆಯೋದಿಲ್ಲ."

ಕಿಟಕಿ ಮುಚ್ಚಿತು. ಅಂದು ಬುಧವಾರ. ಶನಿವಾರಕ್ಕೆ ಇನ್ನೂ ಮೂರು ದಿನವಿತ್ತು. ಬೊನಿಫಾಸನಿಗೆ ಇಸ್ಪೀಟಿನಲ್ಲಿ ರಾಜ ಯಾರು, ಗುಲಾಮ ಯಾರು ಎಂಬುದೂ ತಿಳಿದಿರಲಿಲ್ಲ.